ಸ್ಪ್ಲಿಟ್ ಫಿನ್ಸ್ ತಗೋಬೇಕಾ, ಬೇಡ್ವಾ? ನೇತ್ರಾಣಿಗೆ ಹೊರಟವರು ಮೊದಲು ತಮ್ಮ ಒದೆತ ನೋಡ್ಕೊಳ್ಳಿ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಕಂತು ನಾಗಸಂದ್ರದಿಂದ ಬಂದ ಒಂದು ವಾಯ್ಸ್ ನೋಟ್‌ನಿಂದ ಶುರುವಾಗುತ್ತೆ. ಕಳಿಸಿದವರು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡ್ತಾರೆ. ದಿನವಿಡೀ ಮಷೀನ್ ಮುಂದೆ ನಿಂತೇ ಇರೋ ಕೆಲಸ. ಮೂವತ್ತು ತುಂಬೋ ಮೊದಲೇ ಮಂಡಿ ನೋವು ಜೊತೆಯಾಗಿದೆ. ಕಳೆದ ಸೀಸನ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾದ ಓಪನ್ ವಾಟರ್ ಕೋರ್ಸ್ ಮುಗಿಸಿಕೊಂಡು ಬಂದಿದ್ದಾರೆ. ನೇತ್ರಾಣಿಯಲ್ಲಿ ಎರಡನೇ ಡೈವ್‌ನಲ್ಲಿ ಬಾಡಿಗೆ ಫಿನ್ಸ್ ಹಾಕಿಕೊಂಡು ನೀರಿನ ಸೆಳೆತಕ್ಕೆ ಎದುರಾಗಿ ಒದೀತಾ ಇದ್ದಾಗ ಮೀನಖಂಡ ಹಿಡಿದುಕೊಂಡಿತಂತೆ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇದ್ದಿದ್ದರಿಂದ ಏನೂ ಆಗಲಿಲ್ಲ. (ಕಾಲಿನ ಆ ಸ್ನಾಯುವಿಗೆ ನಮ್ಮ ಭಾಷೆಯಲ್ಲಿ ಮೀನಿನ ಹೆಸರಿದೆ, ನೀರಿಗಿಳಿದಾಗ ಮೊದಲು ಕೈಕೊಡೋದೂ ಅದೇ.)

ಈಗ ಅವರಿಗೆ ಸ್ವಂತ ಫಿನ್ಸ್ ಬೇಕು. ಹುಡುಕ್ತಾ ಹೋದಾಗ ಸಿಕ್ಕಿದ್ದು ಸ್ಪ್ಲಿಟ್ ಫಿನ್ಸ್. ಮಧ್ಯದಲ್ಲಿ ಸೀಳಿಕೊಂಡು ಹಾವಿನ ನಾಲಗೆ ಥರ ಕಾಣುತ್ತಲ್ಲ, ಅದು. 'ಮಂಡಿಗೆ ಇದೇ ಒಳ್ಳೇದು' ಅಂತ ಒಬ್ಬರು, 'ಸೆಳೆತ ಬಂದ್ರೆ ಇದು ಒದ್ದೆ ಬಟ್ಟೆ ಇದ್ದ ಹಾಗೆ' ಅಂತ ಇನ್ನೊಬ್ಬರು. ಯಾರ ಮಾತು ನಂಬೋದು ಅನ್ನೋದು ಅವರ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ಸ್ಪ್ಲಿಟ್ ಫಿನ್ಸ್ ಒಂದು ರೀತಿಯ ಒದೆತಕ್ಕೆ ಮಾತ್ರ ಮಾಡಿದ ಸಾಮಾನು. ನಿಮ್ಮದು ಆ ಒದೆತ ಆಗಿದ್ರೆ ಕಾಲಿಗೆ ನಿಜವಾಗ್ಲೂ ಹಗುರ ಆಗುತ್ತೆ. ಆಗಿಲ್ಲದಿದ್ರೆ ಎಷ್ಟು ದುಬಾರಿದು ತಗೊಂಡ್ರೂ ನೀರಲ್ಲಿ ಇದ್ದಲ್ಲೇ ಇರ್ತೀರ. ಹಾಗಾಗಿ ಅಂಗಡಿ ನೋಡೋಕೆ ಮುಂಚೆ ನಿಮ್ಮ ಒದೆತ ಯಾವುದು ಅಂತ ಗೊತ್ತಿರಬೇಕು.

ಯಾರಿಗೆ ಈ ಚಿಂತೆಯೇ ಬೇಡ

ನೇತ್ರಾಣಿ ಇರೋದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನಲ್ಲಿ, ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬಿ ಸಮುದ್ರದ ಮಧ್ಯೆ. ದೋಣಿಯಲ್ಲಿ ಒಂದು, ಒಂದೂವರೆ ಗಂಟೆ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಅಕ್ಟೋಬರ್ ಆಸುಪಾಸು ಶುರುವಾದ್ರೆ ಮೇ ತನಕ ನಡೆಯುತ್ತೆ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಗಾಗಿ ನೀರಿಗಿಳಿದದ್ದು ಇಲ್ಲೇ. 2022ರ ಅಕ್ಟೋಬರ್ 28ಕ್ಕೆ ಆ ಚಿತ್ರ ತೆರೆಗೆ ಬಂತು. ಅದನ್ನ ನೋಡಿ 'ನಮ್ಮ ಕರ್ನಾಟಕದಲ್ಲೂ ಇದೆಲ್ಲಾ ಇದೆಯಾ' ಅಂದವರು ಎಷ್ಟೋ ಜನ. ನಾಗಸಂದ್ರ, ದಾಸರಹಳ್ಳಿ ಕಡೆಯವರಿಗಂತೂ ಶುಕ್ರವಾರ ರಾತ್ರಿ ಎಂಟನೇ ಮೈಲಿಯಲ್ಲಿ ಬಸ್ ಹತ್ತಿದ್ರೆ ಬೆಳಿಗ್ಗೆ ಕರಾವಳಿ.

ಆದ್ರೆ ಹೀಗೆ ವಾರಾಂತ್ಯಕ್ಕೆ ಹೋಗಿಬರೋ ಹೆಚ್ಚಿನವರು ಮಾಡೋದು ಕೋರ್ಸ್ ಅಲ್ಲ, ಮೊದಲ ಅನುಭವದ ಡೈವ್. ಡಿಸ್ಕವರ್ ಸ್ಕೂಬಾ ಅಂತಾರೆ. ಅದರಲ್ಲಿ 12 ಮೀಟರ್‌ಗಿಂತ ಕೆಳಗೆ ಹೋಗೋ ಹಾಗಿಲ್ಲ. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ನಿಜ ಹೇಳ್ಬೇಕು ಅಂದ್ರೆ ಅಲ್ಲಿ ನೀವು ಒದ್ದರೂ ಒದೆಯದೇ ಇದ್ರೂ ವ್ಯತ್ಯಾಸ ಕಡಿಮೆ, ಎಂಜಿನ್ ಇರೋದು ಇನ್‌ಸ್ಟ್ರಕ್ಟರ್ ಕಾಲಲ್ಲಿ. ಈಜು ಬರದವರೂ ಇದನ್ನ ಮಾಡಿಬರ್ತಾರೆ. ಅಂಥವರು ಫಿನ್ಸ್ ಕೊಳ್ಳೋದು ಅಂದ್ರೆ ಒಂದು ಸಲ ಬೈಕ್ ಹಿಂದೆ ಕೂತು ಬಂದು ಹೆಲ್ಮೆಟ್ ಜೊತೆ ರೇಸಿಂಗ್ ಜಾಕೆಟ್ಟೂ ತಗೊಂಡ ಹಾಗೆ. ಕೋರ್ಸ್ ಮುಗಿಸಿ, 18 ಮೀಟರ್ ತನಕ ಒಬ್ಬ ಜೊತೆಗಾರನೊಂದಿಗೆ ಹೋಗೋ ಅರ್ಹತೆ ಬಂದ ಮೇಲೆ, ವರ್ಷಕ್ಕೆ ಹತ್ತಾರು ಡೈವ್ ಮಾಡ್ತೀನಿ ಅನ್ನೋ ಖಾತ್ರಿ ಇದ್ರೆ ಮಾತ್ರ ಮುಂದಿನದ್ದು ಕೇಳಿ.

ಕಾಲಿಗೂ ಗಾಳಿಗೂ ಇರೋ ಲೆಕ್ಕ

ಫಿನ್ಸ್ ವಿಷಯ ಬರೀ ಕಾಲಿನದ್ದಲ್ಲ, ಬೆನ್ನ ಮೇಲಿರೋ ಗಾಳಿಯದ್ದು ಕೂಡ.

ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ. ನೀರಲ್ಲಿ ವೇಗ ಎರಡು ಪಟ್ಟು ಮಾಡಿದ್ರೆ ಎದುರು ತಡೆಯೋ ಬಲ ನಾಲ್ಕು ಪಟ್ಟಾಗುತ್ತೆ, ಅದಕ್ಕೆ ಸುರಿಯಬೇಕಾದ ಶಕ್ತಿ ಎಂಟು ಪಟ್ಟು. ಆ ಶಕ್ತಿ ಬರೋದು ಉಸಿರಿನಿಂದ.

ಒಂದು ಸಣ್ಣ ಲೆಕ್ಕ ಹಾಕೋಣ. ನಮ್ಮಲ್ಲಿ ಸಾಮಾನ್ಯವಾಗಿ ಕೊಡೋ ಅಲ್ಯೂಮಿನಿಯಂ ಸಿಲಿಂಡರ್ ಒಳಗಿನ ಅಳತೆ ಸುಮಾರು 11 ಲೀಟರ್. 200 ಬಾರ್ ಒತ್ತಡದಲ್ಲಿ ತುಂಬಿದ್ರೆ 2,200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮುಟ್ಟೋ ಹಾಗಿಲ್ಲ, ಮೇಲೆ ಬರೋಕೆ ಇಟ್ಟುಕೊಳ್ಳಬೇಕು. ಉಳಿದದ್ದು ಸುಮಾರು 1,650 ಲೀಟರ್. ದಡದಲ್ಲಿ ಒಬ್ಬರು ನಿಮಿಷಕ್ಕೆ 15 ಲೀಟರ್ ಉಸಿರಾಡ್ತಾರೆ ಅಂತಿಟ್ಟುಕೊಳ್ಳಿ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಹಾಗಾಗಿ ಖರ್ಚು ನಿಮಿಷಕ್ಕೆ 30 ಲೀಟರ್. 55 ನಿಮಿಷ ಬರುತ್ತೆ. ಅದೇ ವ್ಯಕ್ತಿ ಏದುಸಿರು ಬಿಡ್ತಾ ಎರಡು ಪಟ್ಟು ಗಾಳಿ ಎಳೆದ್ರೆ? ಅರ್ಧ ಗಂಟೆಯೊಳಗೆ ಆಟ ಮುಗೀತು. ಐನೂರು ಕಿ.ಮೀ. ಬಸ್ಸಲ್ಲಿ ಬಂದು, ದೋಣಿಯಲ್ಲಿ ಹೊಟ್ಟೆ ತೊಳೆಸಿಕೊಂಡು, ಇಪ್ಪತ್ತೇಳು ನಿಮಿಷಕ್ಕೆ ಮೇಲೆ ಬರೋದು ಅಂದ್ರೆ ಯಾರಿಗೆ ಬೇಜಾರಾಗಲ್ಲ. ಜೊತೆಗಾರನ ಗಾಳಿ ಇನ್ನೂ ಅರ್ಧ ಇರುತ್ತೆ, ಆದ್ರೂ ಅವನೂ ಮೇಲೆ ಬರಬೇಕು.

ಅಂದ್ರೆ ನಮಗೆ ಬೇಕಿರೋದು ಜೋರಾಗಿ ಓಡಿಸೋ ಫಿನ್ಸ್ ಅಲ್ಲ, ಕಡಿಮೆ ಉಸಿರಲ್ಲಿ ಸಾಕಷ್ಟು ಮುಂದೆ ತಳ್ಳೋದು. ಸ್ಪ್ಲಿಟ್ ಫಿನ್ಸ್ ಹುಟ್ಟಿದ್ದು ಇದೇ ಆಸೆಯಿಂದ.

ಸೀಳು ಏನು ಮಾಡುತ್ತೆ

ಕಾಲಿಗೆ ಕಟ್ಟಿಕೊಳ್ಳೋ ರಬ್ಬರ್ ಫಿನ್ಸ್‌ಗೆ ಪೇಟೆಂಟ್ ಪಡೆದದ್ದು ಫ್ರಾನ್ಸ್‌ನ ನೌಕಾಪಡೆಯ ಅಧಿಕಾರಿ ಲೂಯಿ ದ ಕಾರ್ಲಿಯೊ, 1933ರಲ್ಲಿ. 1960ರ ದಶಕದಲ್ಲಿ ಜೆಟ್ ಫಿನ್ ಬಂತು, ದಪ್ಪ ಕಪ್ಪು ರಬ್ಬರು, ಬುಡದಲ್ಲಿ ನೀರು ನುಗ್ಗೋಕೆ ಕಿಂಡಿಗಳು. ಅದು ಇವತ್ತಿಗೂ ಮಾರಾಟ ಆಗ್ತಿದೆ. ಅಮೆರಿಕದ ಪೀಟ್ ಮೆಕಾರ್ಥಿ ಅನ್ನೋ ವಿನ್ಯಾಸಕ ಬ್ಲೇಡನ್ನ ಮಧ್ಯದಲ್ಲಿ ಸೀಳಿದ ವಿನ್ಯಾಸ ತಂದದ್ದು ಅದೆಲ್ಲಾ ಆದ ಮೇಲೆ. ನೇಚರ್ಸ್ ವಿಂಗ್ ಅನ್ನೋದು ಅದರ ಹೆಸರು. ಅಪೊಲೊ, ಸ್ಕೂಬಾಪ್ರೊ, ಅಟಾಮಿಕ್ ಅಕ್ವಾಟಿಕ್ಸ್‌ನಂಥ ಕಂಪನಿಗಳು ಅದರ ಪರವಾನಗಿ ಪಡೆದು ಫಿನ್ಸ್ ಮಾಡಿದ್ವು. 1990ರ ದಶಕದ ಕೊನೆಯಿಂದ 2000ದ ದಶಕದ ಉದ್ದಕ್ಕೂ ಡೈವಿಂಗ್ ಲೋಕದಲ್ಲಿ ಅದರದ್ದೇ ಮಾತು.

ಕೆಲಸ ಮಾಡೋ ಬಗೆ ತಿಳಿಯೋಕೆ ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಿ. ಅದರ ರೆಕ್ಕೆ ಸಪಾಟಾಗಿಲ್ಲ, ಸ್ವಲ್ಪ ಓರೆ. ರೆಕ್ಕೆ ತಿರುಗೋದು ಅಡ್ಡಕ್ಕೆ, ಗಾಳಿ ಬರೋದು ಕೆಳಕ್ಕೆ. ಆ ಓರೆ ಇಲ್ಲದಿದ್ರೆ ಫ್ಯಾನ್ ತಿರುಗುತ್ತೆ, ಗಾಳಿ ಬರಲ್ಲ. ಸ್ಪ್ಲಿಟ್ ಫಿನ್‌ನ ಎರಡು ಸೀಳುಗಳೂ ಹಾಗೇ. ಹೊರಗಿನ ಅಂಚು ಗಟ್ಟಿ, ಒಳಗಿನ ಅಂಚು ಮೆದು. ಕಾಲನ್ನ ಕೆಳಕ್ಕೆ ಒದ್ದಾಗ ಮೆದು ಅಂಚು ಹೆಚ್ಚು ಬಾಗುತ್ತೆ, ಗಟ್ಟಿ ಅಂಚು ಕಡಿಮೆ. ಹಾಗಾಗಿ ಎರಡೂ ಸೀಳು ಓರೆಯಾಗಿ ತಿರುಚಿಕೊಂಡು ಫ್ಯಾನ್ ರೆಕ್ಕೆ ಥರ ಆಗುತ್ತೆ. ಕಾಲು ಮೇಲೆ ಕೆಳಗೆ ಆಡುತ್ತೆ, ತಳ್ಳೋ ಬಲ ಮುಂದಕ್ಕೆ ಸಿಗುತ್ತೆ. ನೀರು ಮಧ್ಯದ ಸೀಳಲ್ಲಿ ಜಾರಿಹೋಗೋದರಿಂದ ಕಾಲಿಗೆ ಎದುರು ತಡೆ ಕಡಿಮೆ.

ಮಾಮೂಲಿ ಫಿನ್ಸ್, ಅಂದ್ರೆ ಪ್ಯಾಡಲ್ ಫಿನ್ಸ್, ದೋಣಿಯ ಹುಟ್ಟು ಹಾಕಿದ ಹಾಗೆ. ಅಗಲದ ಹಲಗೆಯಲ್ಲಿ ನೀರನ್ನ ಹಿಡಿದು ಹಿಂದಕ್ಕೆ ನೂಕುತ್ತೆ. ಅದೂ ಬಾಗುತ್ತೆ, ಆದ್ರೆ ಇಡಿಯಾಗಿ. ಪ್ರತಿ ಒದೆತಕ್ಕೂ ತೊಡೆ, ಮಂಡಿ, ಪಾದದ ಗಿಣ್ಣು ಎಲ್ಲದರ ಮೇಲೂ ಭಾರ ಬೀಳುತ್ತೆ. ಬದಲಿಗೆ ಒಂದೊಂದು ಒದೆತಕ್ಕೂ ಗಟ್ಟಿ ತಳ್ಳು ಸಿಗುತ್ತೆ.

ಕೆಲವು ಜಾಹೀರಾತುಗಳಲ್ಲಿ 'ಮೀನಿನ ಬಾಲದ ಹಾಗೆ' ಅಂತಿರುತ್ತೆ. ಬಂಗುಡೆ ಬಾಲ ಕವಲೊಡೆದಿರೋದು ನಿಜ. ಆದ್ರೆ ಅದು ಬಾಲ ಆಡಿಸೋದು ಎಡಕ್ಕೆ ಬಲಕ್ಕೆ, ನೀವು ಕಾಲು ಆಡಿಸೋದು ಮೇಲಕ್ಕೆ ಕೆಳಕ್ಕೆ. ಆ ಕವಲು ಈ ಸೀಳಿನ ಥರ ತಿರುಚಿಕೊಳ್ಳೋದೂ ಇಲ್ಲ. ನೋಡೋಕೆ ಹಾಗಿದೆ ಅಷ್ಟೇ, ಆ ಸಾಲಿಗೆ ದುಡ್ಡು ಕೊಡಬೇಡಿ.

ನಿಮ್ಮದು ಯಾವ ಒದೆತ?

ಸ್ಪ್ಲಿಟ್ ಫಿನ್ಸ್ ಬೇಡೋದು ಫ್ಲಟರ್ ಕಿಕ್. ಮಂಡಿ ಹೆಚ್ಚು ಮಡಿಸದೆ, ಸೊಂಟದಿಂದ ಕಾಲು ಆಡಿಸ್ತಾ, ಸಣ್ಣ ಸಣ್ಣದಾಗಿ ಬೇಗ ಬೇಗ ಒದೆಯೋದು. ಕತ್ತರಿ ಆಡಿಸಿದ ಹಾಗೆ, ಆದ್ರೆ ಬಾಯಿ ಪೂರ್ತಿ ತೆರೆಯದೆ. ಇದನ್ನ ಸರಿಯಾಗಿ ಮಾಡೋರಿಗೆ ಸ್ಪ್ಲಿಟ್ ಹಾಕಿದ ಮೊದಲ ಐದು ನಿಮಿಷ ವಿಚಿತ್ರ ಅನ್ಸುತ್ತೆ. ಕಾಲಲ್ಲಿ ಏನೂ ಇಲ್ಲವೇನೋ ಅನ್ನೋ ಹಾಗೆ. ಪಕ್ಕದ ಬಂಡೆ ನೋಡಿದಾಗಲೇ ಮುಂದೆ ಹೋಗ್ತಿರೋದು ಗೊತ್ತಾಗೋದು.

ನಮ್ಮ ಹೊಸಬರಲ್ಲಿ ತುಂಬಾ ಜನರದ್ದು ಸೈಕಲ್ ಒದೆತ. ಮಂಡಿಯನ್ನ ಎದೆ ಕಡೆ ಎಳೆದುಕೊಂಡು ಪೆಡಲ್ ತುಳಿದ ಹಾಗೆ ತುಳೀತಾರೆ. ಇದರಲ್ಲಿ ಯಾವ ಫಿನ್ಸ್ ಆದ್ರೂ ಅಷ್ಟಕ್ಕಷ್ಟೆ, ಸ್ಪ್ಲಿಟ್ ಅಂತೂ ಮಡಚಿಕೊಂಡುಬಿಡುತ್ತೆ. ಮಂಡಿ ನೋವಿಗೂ ಇದೇ ಕಾರಣ ಇರಬಹುದು. ನಮ್ಮ ನಾಗಸಂದ್ರದ ಕೇಳುಗರು ಮೊದಲು ಪರೀಕ್ಷೆ ಮಾಡಿಕೊಳ್ಳಬೇಕಾದದ್ದು ಇದನ್ನೇ. ಜೊತೆಗಾರನ ಹತ್ತಿರ ಒಂದು ನಿಮಿಷದ ವಿಡಿಯೊ ಮಾಡಿಸಿಕೊಳ್ಳಿ. ಬೇಸರ ಮಾಡ್ಕೋಬೇಡಿ, ಎಲ್ಲರ ವಿಡಿಯೊನೂ ಮೊದಲ ಸಲ ಹಾಗೇ ಇರುತ್ತೆ.

ಮೂರನೆಯದ್ದು ಫ್ರಾಗ್ ಕಿಕ್. ಕಪ್ಪೆ ಥರ ಮಂಡಿ ಮಡಿಸಿ, ಎರಡೂ ಅಂಗಾಲು ಒಂದಕ್ಕೊಂದು ಮುಖ ಮಾಡಿ ನೀರನ್ನ ಹಿಂದಕ್ಕೆ ಹಿಂಡಿ, ಆಮೇಲೆ ಸುಮ್ಮನೆ ತೇಲೋದು. ಒದೆತ ಕಡಿಮೆ, ಜಾರಾಟ ಜಾಸ್ತಿ. ನೀರು ಕೆಳಕ್ಕೆ ಚಿಮ್ಮದೇ ಇರೋದರಿಂದ ತಳದ ಮರಳು, ಹೂಳು ಏಳಲ್ಲ. ಅನುಭವಸ್ಥ ಡೈವರ್‌ಗಳು, ಫೋಟೊ ತೆಗೆಯೋರು, ಮುಳುಗಿದ ಹಡಗಿನ ಒಳಗೆ, ಗುಹೆಯೊಳಗೆ ಹೋಗೋರು ಇದನ್ನೇ ಬಳಸ್ತಾರೆ. ಇದಕ್ಕೆ ಸ್ಪ್ಲಿಟ್ ಸರಿ ಹೊಂದಲ್ಲ, ಯಾಕಂದ್ರೆ ನೀರನ್ನ ಹಿಂಡೋಕೆ ಗಟ್ಟಿ ಹಲಗೆ ಬೇಕು, ಇದು ಎರಡು ಮೆದು ಪಟ್ಟಿ. ಹಿಂದಕ್ಕೆ ಬರೋ ಒದೆತ, ನಿಂತಲ್ಲೇ ತಿರುಗೋ ಹೆಲಿಕಾಪ್ಟರ್ ತಿರುವು, ಇವೆಲ್ಲಾ ಸ್ಪ್ಲಿಟ್‌ನಲ್ಲಿ ಕಷ್ಟ. ಅಸಾಧ್ಯ ಅನ್ನಲ್ಲ, ಮಾಡೋರಿದ್ದಾರೆ. ಆದ್ರೆ ಯಾಕೆ ಒದ್ದಾಡಬೇಕು?

ಇದು ಬರೀ ಶೈಲಿಯ ವಿಷಯ ಅಲ್ಲ. ನೇತ್ರಾಣಿ ಸುತ್ತ ಬಂಡೆ, ಬಂಡೆ ಮೇಲೆ ಹವಳ. ಹವಳದ ಮುಂದೆ ನಿಂತು ಫೋಟೊ ತೆಗೆದುಕೊಂಡು ಹಿಂದಕ್ಕೆ ಸರಿಯೋಕೆ ಬರದವರು ಏನು ಮಾಡ್ತಾರೆ? ಕೈ ಊರ್ತಾರೆ, ಇಲ್ಲ ಫಿನ್ಸ್ ತುದಿಯಿಂದ ಹವಳ ಉಜ್ಜಿಕೊಂಡೇ ತಿರುಗ್ತಾರೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿವೆ, ಹುಲಿ ಇರೋ ಪಟ್ಟಿಯಲ್ಲೇ. ಮುರಿದದ್ದು ಮತ್ತೆ ಬೆಳೆಯೋಕೆ ಎಷ್ಟೋ ವರ್ಷ ಬೇಕು. ಸ್ಪ್ಲಿಟ್ ತಗೊಳ್ಳೋರು ಹವಳದಿಂದ ಇನ್ನೊಂದು ಮಾರು ದೂರವೇ ಇರಬೇಕು.

ಸೆಳೆತ ಬಂದ್ರೆ?

'ಸೆಳೆತಕ್ಕೆ ಸ್ಪ್ಲಿಟ್ ಆಗಲ್ಲ' ಅನ್ನೋ ಮಾತು ಎಲ್ಲೆಡೆ ಕೇಳಿಬರುತ್ತೆ. ನನಗನ್ಸೋದು ಹೀಗೆ. ಗಾಬರಿಯಾದಾಗ ಮನುಷ್ಯ ಮಾಡೋ ಮೊದಲ ಕೆಲಸ ದೊಡ್ಡದಾಗಿ, ಜೋರಾಗಿ ಒದೆಯೋದು. ಪ್ಯಾಡಲ್ ಫಿನ್ಸ್ ಆ ಬಲವನ್ನ ಸ್ವಲ್ಪ ಹೊತ್ತು ತಳ್ಳಾಗಿ ಬದಲಾಯಿಸಿ ಕೊಡುತ್ತೆ, ಆಮೇಲೆ ಮೀನಖಂಡ ಹಿಡಿಯುತ್ತೆ. ಸ್ಪ್ಲಿಟ್‌ಗೆ ಅಷ್ಟು ಬಲ ಹಾಕಿದ್ರೆ ಬ್ಲೇಡು ಬಾಗಿ ನೀರು ಜಾರಿಹೋಗುತ್ತೆ, ಬಲ ವ್ಯರ್ಥ. ಅದರಲ್ಲಿ ವೇಗ ಬೇಕು ಅಂದ್ರೆ ಒದೆತ ದೊಡ್ಡದು ಮಾಡೋದಲ್ಲ, ಇನ್ನೂ ಸಣ್ಣದು ಮಾಡಿ ಇನ್ನೂ ಬೇಗ ಮಾಡಬೇಕು. ಸ್ಕೂಟರ್ ಓಡಿಸೋರು ಮೊದಲ ಸಲ ಗೇರ್ ಬೈಕ್ ಹತ್ತಿದ ಹಾಗೆ. ಅಭ್ಯಾಸ ಇದ್ರೆ ಆಗುತ್ತೆ, ಗಾಬರಿಯಲ್ಲಿ ಹೊಸದಾಗಿ ಕಲಿಯೋಕಾಗಲ್ಲ.

ಇನ್ನೊಂದು, ಸೆಳೆತ ಒಂದು ನಾಟ್ ದಾಟಿದ್ರೆ, ಅಂದ್ರೆ ಸೆಕೆಂಡಿಗೆ ಅರ್ಧ ಮೀಟರ್, ಯಾವ ಫಿನ್ಸ್ ಹಾಕಿದ್ರೂ ಹೆಚ್ಚು ಹೊತ್ತು ಎದುರು ಈಜೋಕಾಗಲ್ಲ. ಅಲ್ಲಿ ಫಿನ್ಸ್‌ಗಿಂತ ಬುದ್ಧಿ ಕೆಲಸ ಮಾಡಬೇಕು. ಬಂಡೆಯ ಮರೆಗೆ ಹೋಗೋದು, ತಳಕ್ಕೆ ಹತ್ತಿರ ಸೆಳೆತ ಕಡಿಮೆ ಇರೋದರಿಂದ ಅಲ್ಲಿ ಸಾಗೋದು, ಇಳಿಯುವಾಗ ಏರುವಾಗ ದೋಣಿಯ ಹಗ್ಗ ಹಿಡಿಯೋದು, ಜೊತೆಗಾರನಿಗೆ ಸನ್ನೆ ಮಾಡೋದು. ಮೀನಖಂಡ ಹಿಡಿದ್ರೆ ಒದೆಯೋದು ನಿಲ್ಲಿಸಿ, ಕಾಲು ನೇರ ಮಾಡಿ, ಫಿನ್ಸ್ ತುದಿ ಹಿಡಿದು ನಿಮ್ಮ ಕಡೆಗೆ ಎಳೀರಿ. ಸ್ಪ್ಲಿಟ್ ಆದ್ರೆ ಎರಡೂ ಸೀಳು ಒಟ್ಟಿಗೇ ಹಿಡೀಬೇಕು, ಒಂದೇ ಹಿಡಿದ್ರೆ ಅದು ಮಾತ್ರ ಬಾಗಿ ಕೈಗೆ ಬರುತ್ತೆ. ಇದನ್ನ ಈಜುಕೊಳದಲ್ಲೇ ಎರಡು ಸಲ ಮಾಡಿ ನೋಡಿ.

ನಮ್ಮ ಕರಾವಳಿಗೆ ಸಂಬಂಧಿಸಿದ ಇನ್ನೊಂದು ಮಾತು. ಇದು ಮೀನುಗಾರಿಕೆ ನಡೆಯೋ ಸಮುದ್ರ. ತುಂಡಾದ ಬಲೆ, ಗಾಳದ ದಾರ ಬಂಡೆಗೆ ಸಿಕ್ಕಿಹಾಕಿಕೊಂಡಿರಬಹುದು. ದಾರ ಸರಿಯಾಗಿ ಹೋಗಿ ಕೂರೋ ಜಾಗ ಅಂದ್ರೆ ಆ ಸೀಳು. ದೊಡ್ಡ ಅಪಾಯ ಅಂತ ಹೆದರಿಸಲ್ಲ, ಆದ್ರೆ ದಾರ ಕತ್ತರಿಸೋ ಸಣ್ಣ ಕಟ್ಟರ್ ಇಲ್ಲದೆ ಸ್ಪ್ಲಿಟ್ ಹಾಕಿಕೊಂಡು ಇಳಿಯಬೇಡಿ.

ಬ್ಲೇಡಿಗಿಂತ ಮುಂಚೆ ಪಾದ

ಜನ ಬ್ಲೇಡ್ ಬಗ್ಗೆ ಗಂಟೆಗಟ್ಟಲೆ ಓದ್ತಾರೆ, ಕಾಲು ತೂರಿಸೋ ಜಾಗ ನೋಡೋದೇ ಇಲ್ಲ. ನನ್ನ ಕೇಳಿದ್ರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಇರೋದು. ಬಾಡಿಗೆ ಫಿನ್ಸ್ ದೊಡ್ಡದಾಗಿದ್ರೆ ಜಾರದೇ ಇರಲಿ ಅಂತ ನೀವು ಗೊತ್ತಿಲ್ಲದೆ ಬೆರಳು ಮಡಚಿ ಹಿಡಿದುಕೊಂಡಿರ್ತೀರ. ನಲವತ್ತು ನಿಮಿಷ ಹಾಗೆ ಹಿಡಿದ್ರೆ ಅಂಗಾಲು, ಮೀನಖಂಡ ಹಿಡಿಯದೆ ಇನ್ನೇನು? ಚಿಕ್ಕದಾಗಿದ್ರೆ ರಕ್ತ ಓಡಾಡದೆ ಕಾಲು ಜೋಮು ಹಿಡಿಯುತ್ತೆ. ನಮ್ಮ ಕೇಳುಗರ ಕಾಲು ಹಿಡಿದದ್ದಕ್ಕೆ ಫಿನ್ಸ್ ಪ್ಯಾಡಲ್ ಆಗಿದ್ದು ಕಾರಣ ಅಂತ ನಿರ್ಧರಿಸೋಕೆ ಮುಂಚೆ ಅಳತೆ ಸರಿ ಇತ್ತಾ ಅಂತ ನೆನಪಿಸಿಕೊಳ್ಳಬೇಕು. ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ರು ಅನ್ನೋದನ್ನೂ.

ಎರಡು ಬಗೆ ಇದೆ. ಹಿಮ್ಮಡಿ ಸಮೇತ ಪೂರ್ತಿ ಶೂ ಥರ ಇರೋದು ಒಂದು, ಬರಿಗಾಲಿಗೆ. ಹಿಂದೆ ಪಟ್ಟಿ ಇರೋದು ಇನ್ನೊಂದು, ನಿಯೋಪ್ರೀನ್ ಬೂಟಿ ಹಾಕಿ ಅದರ ಮೇಲೆ. ನಮ್ಮ ಸಮುದ್ರ ಬೆಚ್ಚಗಿರೋದರಿಂದ ಮೊದಲನೆಯದ್ದೂ ಸಾಕು, ಹಗುರ, ಅಗ್ಗ. ಆದ್ರೆ ಒದ್ದೆ ದೋಣಿ, ಕಬ್ಬಿಣದ ಏಣಿ, ಬಂಡೆ ಇದೆಲ್ಲಾ ನೆನೆದ್ರೆ ಬೂಟಿ ಇದ್ದದ್ದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಹಾಗಾದ್ರೆ ಮೊದಲು ಬೂಟಿ ತಗೊಂಡು, ಅದನ್ನ ಹಾಕಿಕೊಂಡೇ ಫಿನ್ಸ್ ಅಳತೆ ನೋಡಬೇಕು. ಶೂ ನಂಬರ್ ನಂಬಿ ಆರ್ಡರ್ ಮಾಡೋ ಹಾಗಿಲ್ಲ, ಒಂದು ಕಂಪನಿಯ 'ಮೀಡಿಯಂ' ಇನ್ನೊಂದರ 'ಲಾರ್ಜ್'. ನಾಗಸಂದ್ರ ಮೆಟ್ರೊ ಪಕ್ಕದ ಐಕಿಯಾದಲ್ಲಿ ಸೋಫಾ ಮೇಲೆ ಹತ್ತು ನಿಮಿಷ ಕೂತು ನೋಡ್ತೀವಲ್ಲ, ಫಿನ್ಸ್‌ಗೂ ಅದೇ ಸಹನೆ ಬೇಕು. ಕೂತು, ಹಾಕಿ, ಕಾಲು ಎತ್ತಿ ಆಡಿಸಿ. ಬೆರಳು ಆಡಬೇಕು, ಹಿಮ್ಮಡಿ ಅಲ್ಲಾಡಬಾರದು, ಪಾದದ ಮೇಲ್ಭಾಗ ಎಲ್ಲೂ ಒತ್ತಬಾರದು. ಹಿಂದಿನ ಪಟ್ಟಿ ರಬ್ಬರಿನ ಬದಲು ಸ್ಪ್ರಿಂಗಿನದ್ದಾದ್ರೆ ಅಲೆಯಲ್ಲಿ ಒಂದೇ ಕೈಯಲ್ಲಿ ಏಣಿ ಹಿಡಿದು ಬಿಚ್ಚೋಕೆ ಸುಲಭ.

ತೂಕವನ್ನೂ ನೋಡಿ. ಕೆಲವು ಸ್ಪ್ಲಿಟ್ ಫಿನ್ಸ್ ಪ್ಲಾಸ್ಟಿಕ್ ಮಿಶ್ರಣದ್ದು, ಹಗುರ. ಅಪೊಲೊದ ಬಯೊ-ಫಿನ್ ರಬ್ಬರಿನದ್ದು, ಭಾರ, ಮುಳುಗುತ್ತೆ. ನೀರಲ್ಲಿ ಅಡ್ಡ ಮಲಗಿದಾಗ ನಿಮ್ಮ ಕಾಲು ತಾನಾಗೇ ಕೆಳಕ್ಕೆ ಇಳಿಯುತ್ತೆ ಅಂದ್ರೆ ಹಗುರದ್ದು ಬೇಕು. ಮೇಲಕ್ಕೆ ತೇಲುತ್ತೆ ಅಂದ್ರೆ ಭಾರದ್ದು. ಅಂಡಮಾನ್‌ಗೂ ಹೋಗೋ ಆಲೋಚನೆ ಇದ್ರೆ ವಿಮಾನದ 15 ಕೆ.ಜಿ. ಲಗೇಜ್ ಲೆಕ್ಕವೂ ಸೇರುತ್ತೆ.

ದುಡ್ಡು ಕೊಡೋಕೆ ಮುಂಚೆ

ಹೆಸರುವಾಸಿ ಕಂಪನಿಗಳ ಸ್ಪ್ಲಿಟ್ ಫಿನ್ಸ್ ಹತ್ತು ಸಾವಿರ ರೂಪಾಯಿಗಿಂತ ಮೇಲೇ. ಹಾಗಾಗಿ ಎರಡು ಸಾವಿರಕ್ಕೆ ಸಿಗೋ, ಮಧ್ಯೆ ಸೀಳಿದ ಫಿನ್ಸ್ ಕಣ್ಣಿಗೆ ಬಿದ್ದಾಗ ಬೆರಳು ತಾನಾಗೇ 'ಬೈ ನೌ' ಕಡೆ ಹೋಗುತ್ತೆ. ಸ್ವಲ್ಪ ತಡೀರಿ. ಹೊರ ಅಂಚು ಗಟ್ಟಿ, ಒಳ ಅಂಚು ಮೆದು ಅನ್ನೋ ಲೆಕ್ಕಾಚಾರದಲ್ಲೇ ಎಲ್ಲಾ ಇರೋದು. ಒಂದೇ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನ ಮಧ್ಯೆ ಕತ್ತರಿಸಿದ್ರೆ ಅದು ತಿರುಚಿಕೊಳ್ಳಲ್ಲ, ಸುಮ್ಮನೆ ಬಳುಕುತ್ತೆ. ಪೀಣ್ಯದಲ್ಲಿ ಮೋಲ್ಡಿಂಗ್ ಕೆಲಸ ಮಾಡೋರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಅಂಗಡಿಯಲ್ಲಾದ್ರೆ ಬ್ಲೇಡ್ ತುದಿ ಹಿಡಿದು ಬಗ್ಗಿಸಿ ನೋಡಿ. ಒಳ ಅಂಚುಗಳು ಮೊದಲು ಮಡಚಿ, ಎರಡು ಸೀಳು ಬಾಗಿಲ ರೆಕ್ಕೆ ಥರ ಓರೆಯಾಗಿ ತೆರೆದುಕೊಳ್ಳಬೇಕು. ಇಡೀ ಬ್ಲೇಡ್ ಚಾಪೆ ಥರ ಸುತ್ತಿಕೊಂಡ್ರೆ ವಾಪಸ್ ಇಡಿ. ಸ್ನಾರ್ಕಲಿಂಗ್‌ಗೆ ಅಂತ ಮಾಡಿದ ಗಿಡ್ಡ ಫಿನ್ಸ್ ಕೂಡ ಸ್ಕೂಬಾಗೆ ಸಾಲಲ್ಲ. ಬೆನ್ನ ಮೇಲೆ ಸಿಲಿಂಡರ್, ಜಾಕೆಟ್, ಸೊಂಟಕ್ಕೆ ತೂಕ, ಅದನ್ನೆಲ್ಲಾ ತಳ್ಳೋಕೆ ಅದಕ್ಕೆ ಆಗಲ್ಲ.

ಕೊಳ್ಳೋಕೆ ಮುಂಚೆ ಯಾರದ್ದಾದ್ರೂ ಸ್ಪ್ಲಿಟ್ ಒಂದು ದಿನಕ್ಕೆ ಕೇಳಿ ತಗೊಳ್ಳಿ. ಕೋರ್ಸ್ ಮಾಡಿಸಿದವರ ಹತ್ತಿರ ಇದ್ರೆ ಬಾಡಿಗೆಗೂ ಕೊಡಬಹುದು. ಫಿನ್ಸ್ ಹಾಕಲು ಬಿಡೋ ಈಜುಕೊಳದಲ್ಲಿ, ನಿಮಗೆ ಆರಾಮ ಅನ್ನಿಸೋ ವೇಗದಲ್ಲಿ ಒಂದು ಉದ್ದ ಹೋಗಿ. ಎಷ್ಟು ಒದೆತ ಅಂತ ಎಣಿಸಬೇಡಿ, ಸ್ಪ್ಲಿಟ್‌ನಲ್ಲಿ ಅದು ಹೆಚ್ಚೇ ಬರುತ್ತೆ. ಎಷ್ಟು ಉಸಿರು ಅಂತ ಎಣಿಸಿ. ಹತ್ತು ನಿಮಿಷ ಬಿಟ್ಟು ಪ್ಯಾಡಲ್ ಹಾಕಿ ಅದೇ ಮಾಡಿ. ಉಸಿರು ಕಡಿಮೆ ಬಂದದ್ದು ನಿಮ್ಮ ಫಿನ್ಸ್. ಯಾರ ರಿವ್ಯೂಗಿಂತಲೂ ಈ ಅರ್ಧ ಗಂಟೆ ಹೆಚ್ಚು ಹೇಳುತ್ತೆ.

ಇನ್ನು ಮಂಡಿ. ಮಂಡಿಯಲ್ಲಿ ಊತ ಇದ್ರೆ, ಮೆಟ್ಟಿಲು ಇಳಿಯುವಾಗ ಸಿಕ್ಕಿಹಾಕಿಕೊಂಡ ಹಾಗಾಗ್ತಿದ್ರೆ ಫಿನ್ಸ್ ಪರಿಹಾರ ಅಲ್ಲ, ಮೂಳೆ ಡಾಕ್ಟರ್ ಹತ್ತಿರ ಹೋಗಿ. ನಿಂತು ನಿಂತು ಬರೋ ಸಾಧಾರಣ ನೋವಾದ್ರೆ, ಫ್ಲಟರ್ ಒದೆತ ಸರಿಯಾಗಿ ಬರ್ತಿದ್ರೆ, ಮುಂದಿನ ಒಂದೆರಡು ವರ್ಷ ನೇತ್ರಾಣಿ, ಪುದುಚೇರಿ, ಅಂಡಮಾನ್‌ನಲ್ಲಿ ಆರಾಮವಾಗಿ ಸುತ್ತಾಡೋದಷ್ಟೇ ಗುರಿ ಆಗಿದ್ರೆ, ಸ್ಪ್ಲಿಟ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳ್ತೀನಿ. ಫ್ರಾಗ್ ಕಿಕ್ ಕಲಿತು ಕ್ಯಾಮೆರಾ ಹಿಡಿಯೋ ಆಸೆ ಇದ್ರೆ, ಮುಂದೆ ಡೈವ್‌ಮಾಸ್ಟರ್ ಆಗಿ ಇನ್ನೊಬ್ಬರನ್ನ ಎಳೆದುಕೊಂಡು ಹೋಗೋ ಕೆಲಸ ಮಾಡೋದಿದ್ರೆ, ಬೇಡ. ಆಗ ತೀರಾ ಗಟ್ಟಿ ಅಲ್ಲದ ಮಧ್ಯಮ ಪ್ಯಾಡಲ್ ತಗೊಳ್ಳಿ. ಫ್ರಾಗ್ ಕಿಕ್‌ನಲ್ಲಿ ಒದ್ದ ಮೇಲೆ ತೇಲೋ ಬಿಡುವು ಸಿಗೋದರಿಂದ ಕೆಲವರ ಮಂಡಿಗೆ ಅದೂ ಹಿತ, ಇನ್ನು ಕೆಲವರಿಗೆ ಮಂಡಿ ಹೊರಳಿಸೋದೇ ನೋವು. ಈಜುಕೊಳದಲ್ಲೇ ಗೊತ್ತಾಗುತ್ತೆ.

ಕೊನೆಗೆ, ತಂದ ಮೇಲಿನ ಮಾತು. ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಟೆರೇಸ್ ಮೇಲೆ ಬಿಸಿಲಿಗೆ ಬಿಟ್ರೆ ರಬ್ಬರು ಬಿರುಕು ಬಿಡುತ್ತೆ. ಸ್ಪ್ಲಿಟ್ ಫಿನ್ಸ್‌ನ ತುದಿ ಕೆಳಗೆ ಮಾಡಿ ಗೋಡೆಗೆ ಒರಗಿಸಿ ಇಡಬೇಡಿ. ಮಳೆಗಾಲದ ನಾಲ್ಕು ತಿಂಗಳು ಹಾಗೇ ನಿಂತ್ರೆ ಬ್ಲೇಡು ಬಾಗಿದ ಆಕಾರದಲ್ಲೇ ಕೂತುಬಿಡುತ್ತೆ, ಆಮೇಲೆ ಒಂದು ಕಾಲು ಒಂದು ಕಡೆ ಎಳೆದ್ರೆ ಇನ್ನೊಂದು ಇನ್ನೊಂದು ಕಡೆ. ಮಂಚದ ಕೆಳಗೆ ಉದ್ದಕ್ಕೆ ಮಲಗಿಸಿ, ಅಂಗಡಿಯವರು ಒಳಗೆ ತುರುಕಿರೋ ಪ್ಲಾಸ್ಟಿಕ್ ಅಚ್ಚು ಎಸೆಯದೆ ಅದರಲ್ಲೇ ಇಟ್ಟಿರಿ.

ಮುಂದಿನ ಕಂತಿನಲ್ಲಿ ಮಾಸ್ಕ್ ಯಾಕೆ ಮಂಜಾಗುತ್ತೆ ಅಂತ ನೋಡೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ.